ಸಿಯೆರಾ ಮೂಲದ ಕಿಟ್ ಕಾರಿನಿಂದ ಪಿಂಟೊ ಇಳಿಸಿ ಜೆಟೆಕ್ ಎಂಜಿನ್ ಕೂರಿಸುವುದು: ಎಲ್ಲಿ ಕೈ ಕಚ್ಚುತ್ತದೆ?

ರಗ್ಬಿ_ರಂಗ

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ರಗ್ಬಿಯಲ್ಲಿ. ಲೋಟಸ್ ಸೆವೆನ್ ಅನ್ನುವ ಹಳೇ ಹಗುರ ಸ್ಪೋರ್ಟ್ಸ್ ಕಾರಿನ ಮಾದರಿಯ ಒಂದು ಕಿಟ್ ಕಾರು, ಅಂದರೆ ಬಿಡಿಭಾಗ ಕೂಡಿಸಿ ಕಟ್ಟುವ ಕಾರು, ತಗೊಂಡಿದ್ದೇನೆ. ಹಿಂದಿನ ಮಾಲೀಕರು ಮನೆ ಗ್ಯಾರೇಜಿನಲ್ಲೇ ಕಟ್ಟಿದ ಗಾಡಿ. ಚೌಕ ಪೈಪಿನ ಚಾಸಿ, ಮಿಕ್ಕಿದ್ದೆಲ್ಲ ಒಂದು ಹಳೇ ಫೋರ್ಡ್ ಸಿಯೆರಾದಿಂದ ಬಿಚ್ಚಿ ಹಾಕಿದ್ದು. 2 ಲೀಟರ್ ಪಿಂಟೊ ಎಂಜಿನ್, ವೆಬರ್ ಕಾರ್ಬುರೇಟರ್, ಟೈಪ್ 9 ಗೇರ್‌ಬಾಕ್ಸ್. ನಂಬರು ಕ್ಯೂ ಪ್ಲೇಟ್, ಅಂದರೆ ವಯಸ್ಸು ಖಚಿತವಾಗಿ ಹೇಳಲಾಗದ ಗಾಡಿಗೆ ಇಲ್ಲಿ ಕೊಡುವ ನಂಬರು.

ಎಂಜಿನ್ ಪೂರ್ತಿ ಸುಸ್ತಾಗಿದೆ. ಮೂರನೇ ಸಿಲಿಂಡರಿನಲ್ಲಿ ಕಂಪ್ರೆಷನ್ ಬಿದ್ದಿದೆ, ಮೇಲೆ ಕ್ಯಾಮ್ ಟಕಟಕ ಅನ್ನುತ್ತದೆ, ಆಕ್ಸಲರೇಟರ್ ಬಿಟ್ಟ ಕೂಡಲೇ ಹಿಂದೆ ನೀಲಿ ಹೊಗೆ. ಪಿಂಟೊವನ್ನೇ ಬೋರ್ ಮಾಡಿಸಿ ಹೊಸದಾಗಿ ಕಟ್ಟಿಸಲಾ, ಇಲ್ಲ ಫೋರ್ಡ್ ಫೋಕಸ್‌ನ 2 ಲೀಟರ್ ಜೆಟೆಕ್ ಎಂಜಿನ್ ತಂದು ಕೂರಿಸಲಾ ಅನ್ನುವುದು ಪ್ರಶ್ನೆ. ಗುಜರಿಯಲ್ಲಿ ಜೆಟೆಕ್ ಅಗ್ಗಕ್ಕೆ ಸಿಗುತ್ತದೆ. ಒಟ್ಟು ಬಜೆಟ್ 1500 ಪೌಂಡ್. ವೆಲ್ಡಿಂಗ್ ಗೊತ್ತು, ಲೇತ್ ಇಲ್ಲ. ಮಾಡಿದವರು ಯಾರಾದರೂ ಇದ್ದರೆ ನಿಜವಾದ ಖರ್ಚು ಎಲ್ಲಿ ಬೀಳುತ್ತದೆ ಹೇಳಿ.

ಹಳೇಗಾಡಿ

ಪಿಂಟೊ ಬಿಡಬೇಡಿ. ಆ ಟಕಟಕ ಸದ್ದಿಗೆ ಕಾರಣ ಹೆಚ್ಚಾಗಿ ಒಂದೇ. ಕ್ಯಾಮ್ ಮೇಲೆ ಎಣ್ಣೆ ಚಿಮುಕಿಸುವ ಸಣ್ಣ ಪೈಪು ಇರುತ್ತದೆ, ಸ್ಪ್ರೇ ಬಾರ್. ಅದರ ತೂತುಗಳು ಗಸಿ ಕಟ್ಟಿಕೊಂಡರೆ ಕ್ಯಾಮ್ ಒಣಗಿ ಸವೆಯುತ್ತದೆ. ಕ್ಯಾಮ್, ಫಾಲೋಯರ್, ಸ್ಪ್ರೇ ಬಾರ್ ಮೂರೂ ಒಟ್ಟಿಗೆ ಬದಲಾಯಿಸಿ, ಕೆಳಗೆ ರಿಂಗು, ಬೇರಿಂಗು ಹಾಕಿಸಿ. ಗಾಡಿಯ ಒಂದು ಬೋಲ್ಟೂ ಅಲುಗಾಡಿಸಬೇಕಿಲ್ಲ. ಎಂಜಿನ್ ಬದಲಿಸಲು ಹೊರಟು ಅರ್ಧಕ್ಕೆ ನಿಂತ ಕಿಟ್ ಕಾರುಗಳು ಎಷ್ಟು ಮಾರಾಟಕ್ಕೆ ಬರುತ್ತವೆ ಅಂತ ನೀವೂ ನೋಡಿರುತ್ತೀರಿ.

ಸ್ಪ್ಯಾನರ್_ಶೆಟ್ಟಿ

ಹಳೇಗಾಡಿಯವರ ಮಾತಿಗೆ ಬೆಲೆ ಇದೆ. ಆದರೂ ನಾನು ಜೆಟೆಕ್ ಪಕ್ಷ. ನಾನು ಸ್ವಿಂಡನ್‌ನಲ್ಲಿದ್ದೇನೆ, ಇದೇ ಕೆಲಸ ಮಾಡಿ ಮುಗಿಸಿದವನು. ಪಿಂಟೊ ಅಂದರೆ ಬ್ಲಾಕೂ ಎರಕದ ಕಬ್ಬಿಣ, ಹೆಡ್ಡೂ ಎರಕದ ಕಬ್ಬಿಣ, ಸ್ಟ್ಯಾಂಡರ್ಡ್ ಆಗಿ ಸುಮಾರು 100 ಅಶ್ವಶಕ್ತಿ. ಜೆಟೆಕ್‌ನ ಹೆಡ್ ಅಲ್ಯೂಮಿನಿಯಂ, 16 ವಾಲ್ವ್, ಏನೂ ಮುಟ್ಟದೆಯೇ 130. ಅಷ್ಟು ಹಗುರ ಗಾಡಿಯ ಮೂಗಿನ ಮೇಲಿನ ಭಾರ ಇಳಿದರೆ ಸ್ಟೀರಿಂಗ್ ಹಿಡಿದ ಕೈಗೇ ಗೊತ್ತಾಗುತ್ತದೆ ಮಾರಾಯ್ರೇ.

ಈಗ ಕೈ ಕಚ್ಚುವ ಜಾಗಗಳು. ಎಂಜಿನ್ ಬೆಲೆ ಲೆಕ್ಕಕ್ಕೇ ಇಲ್ಲ. ಫೋಕಸ್‌ನಲ್ಲಿ ಅದು ಅಡ್ಡ ಕೂತಿರುತ್ತದೆ, ನಿಮಗೆ ಉದ್ದಕ್ಕೆ ಕೂರಬೇಕು. ಅಲ್ಲಿಂದ ಶುರುವಾಗುತ್ತದೆ ಎಲ್ಲ.

ಮೊದಲು ಆಯಿಲ್ ಚೇಂಬರ್, ಎಂಜಿನ್ ತಳದ ಎಣ್ಣೆ ತೊಟ್ಟಿ. ಫೋಕಸ್ ಚೇಂಬರ್ ಆಳ ಜಾಸ್ತಿ. ಹಾಗೇ ಕೂರಿಸಿದರೆ ಚಾಸಿ ಪೈಪಿಗಿಂತ ಕೆಳಗೆ ಜೋತು ಬೀಳುತ್ತದೆ, ಮೊದಲ ಸ್ಪೀಡ್ ಹಂಪಿಗೆ ಒಡೆದು ಎಣ್ಣೆಯೆಲ್ಲ ರಸ್ತೆ ಮೇಲೆ. ಎಂಜಿನ್ ಮೇಲೆತ್ತಿದರೆ ಬಾನೆಟ್ ಮುಚ್ಚುವುದಿಲ್ಲ. ಹಾಗಾಗಿ ಗಿಡ್ಡ ಚೇಂಬರ್ ಬೇಕೇ ಬೇಕು, ಒಳಗೆ ಬ್ಯಾಫಲ್, ಅಂದರೆ ಎಣ್ಣೆ ಓಡದಂತೆ ತಡೆಯುವ ತಗಡು, ಇರುವಂಥದ್ದು. ಬ್ಯಾಫಲ್ ಇಲ್ಲದಿದ್ದರೆ ಜೋರು ತಿರುವಿನಲ್ಲಿ ಎಣ್ಣೆ ಒಂದು ಪಕ್ಕಕ್ಕೆ ಓಡುತ್ತದೆ, ಪಂಪು ಗಾಳಿ ಎಳೆಯುತ್ತದೆ, ಬೇರಿಂಗ್ ಹೋಗುತ್ತದೆ. ಇದನ್ನು ರೆಡಿಮೇಡ್ ಕೊಳ್ಳಿ. ಇದೊಂದೇ ಎಂಜಿನ್ನಿಗಿಂತ ದುಬಾರಿ ಆಗಬಹುದು.

ಆಮೇಲೆ ಬೆಲ್ ಹೌಸಿಂಗ್, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ. ಟೈಪ್ 9ರಲ್ಲಿ ಅದು ಬೇರೆ ಬಿಚ್ಚಿ ಬರುತ್ತದೆ, ಅದು ನಮ್ಮ ಪುಣ್ಯ. ಆದರೆ ಪಿಂಟೊದ ಬೋಲ್ಟ್ ತೂತುಗಳೇ ಬೇರೆ, ಜೆಟೆಕ್‌ನವೇ ಬೇರೆ. ಜೆಟೆಕ್ ಹಿಂಭಾಗ ಹಳೇ ಎಸ್ಕಾರ್ಟ್‌ನ ಕೆಂಟ್ ಎಂಜಿನ್ನಿನ ತೂತುಗಳ ಸಾಲಿಗೆ ಸೇರಿದ್ದು. ಆ ಲೆಕ್ಕದ ಬೆಲ್ ಹೌಸಿಂಗ್ ಹುಡುಕಿ.

ಮೂರನೆಯದು ಪೈಲಟ್ ಬೇರಿಂಗ್. ಫೋಕಸ್ ಮುಂಚಕ್ರದ ಗಾಡಿ, ಅದರ ಕ್ರ್ಯಾಂಕ್ ತುದಿಯಲ್ಲಿ ಈ ಬೇರಿಂಗೇ ಇರುವುದಿಲ್ಲ. ಟೈಪ್ 9ರ ಇನ್‌ಪುಟ್ ಶಾಫ್ಟಿನ ಮೂಗಿಗೆ ಅದು ಬೇಕು. ಮರೆತು ಜೋಡಿಸಿದರೂ ಗಾಡಿ ಓಡುತ್ತದೆ, ಆಮೇಲೆ ಶಾಫ್ಟ್ ಅಲ್ಲಾಡಿ ಗೇರ್‌ಬಾಕ್ಸ್ ಮುಂದಿನ ಬೇರಿಂಗ್ ತಿಂದುಹಾಕುತ್ತದೆ. ಸಣ್ಣ ದುಡ್ಡಿನ ಸಾಮಾನು. ಕ್ಲಚ್ ಪ್ಲೇಟು ಕೂಡ ಟೈಪ್ 9 ಶಾಫ್ಟಿನ ಸ್ಪ್ಲೈನ್ ಹಲ್ಲುಗಳಿಗೆ ಹೊಂದುವುದೇ ಆಗಬೇಕು.

ನಾಲ್ಕನೆಯದು ನೀರಿನ ದಾರಿ. ಥರ್ಮೋಸ್ಟಾಟ್ ಮನೆ ಹೆಡ್ಡಿನ ಕೊನೆಯಲ್ಲಿದೆ. ಉದ್ದಕ್ಕೆ ತಿರುಗಿಸಿದರೆ ಅದು ನೇರ ನಿಮ್ಮ ಕಾಲಿನ ಮುಂದಿರುವ ಗೋಡೆಗೆ ಬಂದು ಮುಟ್ಟುತ್ತದೆ. ಬೇರೆ ವಾಟರ್ ರೈಲ್ (ನೀರಿನ ಪೈಪು) ಹಾಕಿ ನೀರನ್ನು ಮುಂದಕ್ಕೆ ತರಬೇಕು.

ಇಷ್ಟು ಮಾಡಿದರೆ ಒಂದು ದೊಡ್ಡ ಲಾಭ ಇದೆ. ಗೇರ್‌ಬಾಕ್ಸ್ ಇದ್ದಲ್ಲೇ ಇರುತ್ತದೆ. ಪ್ರಾಪೆಲ್ಲರ್ ಶಾಫ್ಟ್, ಗೇರ್ ಲಿವರ್, ಸ್ಪೀಡೋ ಕೇಬಲ್ ಯಾವುದನ್ನೂ ಮುಟ್ಟಬೇಕಿಲ್ಲ.

ಬಿಎಂಟಿಸಿ_ಬಸವ

ಮಜ್ದಾ ಎಂಎಕ್ಸ್-5 ಎಂಜಿನ್ ತಗೊಳ್ಳಿ ಸರ್, ತಲೆನೋವೇ ಇಲ್ಲ. ಅದು ಮೊದಲೇ ಉದ್ದಕ್ಕೆ ಕೂತಿರುತ್ತೆ.

ಸ್ಪ್ಯಾನರ್_ಶೆಟ್ಟಿ

ತಲೆನೋವು ಇಲ್ಲ ಅಂದರೆ ಒಪ್ಪಲಾರೆ. ಮೊದಲ ತಲೆಮಾರಿನ ಎಂಎಕ್ಸ್-5ರಲ್ಲಿ ಗೇರ್‌ಬಾಕ್ಸನ್ನು ಹಿಂದಿನ ಡಿಫ್‌ಗೆ (ಡಿಫರೆನ್ಷಿಯಲ್‌ಗೆ) ಉದ್ದನೆಯ ಅಲ್ಯೂಮಿನಿಯಂ ತೊಲೆಯೊಂದು ಹಿಡಿದಿರುತ್ತದೆ. ಸಿಯೆರಾ ಚಾಸಿಯಲ್ಲಿ ಆ ತೊಲೆಗೆ ಜಾಗ ಇಲ್ಲ, ಬೇರೆ ಗೇರ್‌ಬಾಕ್ಸ್ ಮೌಂಟ್ ಮಾಡಬೇಕು. ಕ್ಯಾಮ್ ಸೆನ್ಸರ್ ಹೆಡ್ಡಿನ ಹಿಂಬದಿಗಿದೆ, ಅದೂ ಗೋಡೆಗೆ ತಾಗುತ್ತದೆ. ಗೇರ್‌ಬಾಕ್ಸ್ ಬದಲಾದರೆ ಪ್ರಾಪ್ ಶಾಫ್ಟ್ ಬದಲು, ಟನಲ್ ಕತ್ತರಿಸಬೇಕು. ಹೊಸದಾಗಿ ಕಾರು ಕಟ್ಟುವವರು ಎಂಎಕ್ಸ್-5ಗೇ ಅಂತ ಮಾಡಿದ ಚಾಸಿ ತಗೊಳ್ಳಲಿ, ಅದು ಚೆಂದದ ಎಂಜಿನ್. ರಂಗ ಅವರ ಕೈಯಲ್ಲಿರುವುದು ಸಿಯೆರಾ ಲೆಕ್ಕದ ಚಾಸಿ.

ಜೆಸಿರೋಡ್_ಜಯಣ್ಣ

ಫೋರ್ಡೇ ಬೇಕಂದ್ರೆ ಡ್ಯುರಾಟೆಕ್ ಯಾಕೆ ಹಾಕಬಾರದು? ಬೆಂಗಳೂರಲ್ಲಿ ಹಳೇ ಫಿಯೆಸ್ಟಾ 1.6 ಡ್ಯುರಾಟೆಕ್ ನಾವು ಎಷ್ಟು ಬಿಚ್ಚಿ ಕಟ್ಟಿದ್ದೀವಿ. ಬಂಗಾರದಂಥ ಎಂಜಿನ್. ಮೇಲೆ ಎಳೆಯೋದು ನೋಡಿದ್ರೆ ಖುಷಿ ಆಗುತ್ತೆ.

ಲೇತ್_ಲಕ್ಷ್ಮಿ

ಜಯಣ್ಣ ಅವರೇ, ಅದು ಬೇರೆ ಎಂಜಿನ್. ನಮ್ಮ ಫಿಯೆಸ್ಟಾದ 1596 ಸಿಸಿ ಎಂಜಿನ್ನು ಫೋರ್ಡ್‌ನವರ ಸಿಗ್ಮಾ ಕುಟುಂಬದ್ದು. ಇಲ್ಲಿ ಕಿಟ್ ಕಾರಿನವರು ಡ್ಯುರಾಟೆಕ್ ಅನ್ನುವುದು ಮಜ್ದಾ ಎಲ್ ಕುಟುಂಬದ 2 ಲೀಟರಿಗೆ. 2 ಲೀಟರಿಗೆ ಟೈಮಿಂಗ್ ಚೈನು, ಸಿಗ್ಮಾಗೆ ಬೆಲ್ಟು. ಬ್ಲಾಕೂ ಬೇರೆ, ಬೋಲ್ಟ್ ತೂತೂ ಬೇರೆ. ಎರಡೂ ಒಳ್ಳೆಯವೇ, ಈಗ ಸೆವೆನ್ ಕಟ್ಟುವ ಕೇಟರ್‌ಹ್ಯಾಮ್ ಕಂಪನಿಯವರು ಎರಡನ್ನೂ ಬಳಸಿದ್ದಾರೆ.

2 ಲೀಟರ್ ಡ್ಯುರಾಟೆಕ್ ಪೂರ್ತಿ ಅಲ್ಯೂಮಿನಿಯಂ. ಜೆಟೆಕ್‌ಗಿಂತ ಹಗುರ, ಮುಂದೆ ಶಕ್ತಿ ಏರಿಸಲು ಅವಕಾಶವೂ ಜಾಸ್ತಿ. ಆದರೆ ಚೇಂಬರ್, ಬೆಲ್ ಹೌಸಿಂಗ್, ಮ್ಯಾನಿಫೋಲ್ಡ್ ಎಲ್ಲದಕ್ಕೂ ಬೆಲೆ ಒಂದು ಮೆಟ್ಟಿಲು ಮೇಲೆ. 1500 ಪೌಂಡ್‌ನಲ್ಲಿ ಮುಗಿಯುವುದು ಕಷ್ಟ. ಜೆಟೆಕ್ ಕಿಟ್ ಕಾರಿನ ಲೋಕದಲ್ಲಿ ಹಳೆಯದಾಗಿರುವುದರಿಂದ ಅದರ ಸಾಮಾನು ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಆ ಕಾರಣಕ್ಕೇ ನನ್ನ ಮತವೂ ಜೆಟೆಕ್‌ಗೆ.

ಜೆಸಿರೋಡ್_ಜಯಣ್ಣ

ಓಹೋ, ಹಾಗೋ ಮೇಡಂ. ಹೊಸ ವಿಷ್ಯ ಗೊತ್ತಾಯ್ತು. ಥ್ಯಾಂಕ್ಸ್.

ಹುಬ್ಬಳ್ಳಿ_ಪಿಸ್ಟನ್

ಕಾರಿನ ಎಂಜಿನ್ನೇ ಯಾಕ್ರೀ? ಹಳೇ ಹಯಬೂಸಾ ಬೈಕಿಂದು ಹಾಕ್ರಿ! 1299 ಸಿಸಿ, 170ಕ್ಕಿಂತ ಜಾಸ್ತಿ ಅಶ್ವಶಕ್ತಿ, ಗೇರ್‌ಬಾಕ್ಸ್ ಎಂಜಿನ್ ಒಳಗೇ ಐತಿ. ನಮ್ಮ ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟೂ ಸ್ಪರ್ಧೆ) ಗಾಡಿಗೆ ಡ್ಯೂಕ್ 390ರ ಎಂಜಿನ್ ಹಾಕಿದ್ವಿ. 373 ಸಿಸಿ ಅಷ್ಟೇ, ಅದರ ಮೇಲೆ ನಿಯಮದ ಪ್ರಕಾರ 20 ಮಿ.ಮೀ. ರಿಸ್ಟ್ರಿಕ್ಟರ್, ಗಾಳಿ ದಾರಿ ಕಿರಿದು ಮಾಡೂ ತೂತು. ಅಂದ್ರೂ ಕೊಯಮತ್ತೂರಿನ ‘ಕರಿ’ ಅನ್ನೋ ರೇಸ್ ಟ್ರ್ಯಾಕ್ ಮ್ಯಾಲ ಹೆಂಗ ಹಾರತಿತ್ತು ಅಂದ್ರ, ನೋಡೇ ನಂಬಬೇಕು.

ಸ್ಪ್ಯಾನರ್_ಶೆಟ್ಟಿ

ಟ್ರ್ಯಾಕಿಗೆ ಮಾತ್ರ ಆದರೆ ಕಣ್ಣು ಮುಚ್ಚಿ ಹಾಕಬಹುದು. ರಂಗ ಅವರು ರಸ್ತೆಗೆ ಇಳಿಸುವವರು. ಬೈಕ್ ಎಂಜಿನ್ನಿನಲ್ಲಿ ರಿವರ್ಸ್ ಇಲ್ಲ, ಅದಕ್ಕೆ ಪ್ರತ್ಯೇಕ ಡಬ್ಬಿ ಬೇಕು. ಬೈಕಿನ ಕ್ಲಚ್ ಇಲ್ಲಿ ಬೈಕ್ ತೂಕದ ಎರಡೂವರೆ ಪಟ್ಟು ಎಳೆಯಬೇಕು. ಬೈಕ್ ತಿರುವಿನಲ್ಲಿ ವಾಲುತ್ತದೆ, ಎಣ್ಣೆ ಚೇಂಬರಿನ ತಳದಲ್ಲೇ ಇರುತ್ತದೆ. ಕಾರು ವಾಲುವುದಿಲ್ಲ, ಎಣ್ಣೆ ಪಕ್ಕಕ್ಕೆ ಓಡುತ್ತದೆ. ಬೈಕ್ ಎಂಜಿನ್ ಹಾಕಿದವರು ಮೊದಲು ಕಳೆದುಕೊಳ್ಳುವುದೇ ಬಿಗ್ ಎಂಡ್ ಬೇರಿಂಗು.

ಹುಬ್ಬಳ್ಳಿ_ಪಿಸ್ಟನ್

ಬ್ಯಾಫಲ್ ಪ್ಲೇಟ್ ಹಾಕಿದ್ರ ಆಗತೈತಿ ಬಿಡ್ರಿ ಶೆಟ್ರ. ನಾವೂ ಹಂಗೇ ಮಾಡಿದ್ವಿ. ಆದ್ರ ಟ್ರಾಫಿಕ್‌ನ್ಯಾಗ ಕ್ಲಚ್ ಕಷ್ಟ ಅನ್ನೂದು ಒಪ್ಪತೀನಿ.

ಮೂಡಿಗೆರೆ_ಜೀಪು

ಎಂಜಿನ್ ಬದಲಾಯಿಸುವುದು ಮಲೆನಾಡಿನವರಿಗೆ ಹೊಸದೇನಲ್ಲ. ಕಾಫಿ ತೋಟದ ಹಳೇ ಜೀಪುಗಳಲ್ಲಿ ಮೂಲ ಪೆಟ್ರೋಲ್ ಎಂಜಿನ್ ಉಳಿದಿರುವುದೇ ಅಪರೂಪ. ಪೆಟ್ರೋಲ್ ಖರ್ಚು ತಾಳಲಾರದೆ ಮೆಟಡೋರ್ ಡೀಸೆಲ್ಲೋ ಪ್ಯೂಜೋ ಡೀಸೆಲ್ಲೋ ಕೂರಿಸಿದರು.

ನಮ್ಮ ಮನೆಯ ಜೀಪಿಗೂ ಅಪ್ಪ ಡೀಸೆಲ್ ಹಾಕಿಸಿದ್ದರು. ಎಂಜಿನ್ ಚೆನ್ನಾಗೇ ಕೂತಿತು. ಸಮಸ್ಯೆ ಹಿಂದೆ ಹೌಸಿಂಗ್‌ನಲ್ಲಿತ್ತು. ಜೀಪಿನ ಕ್ರೌನ್ ಪಿನಿಯನ್ ಅನುಪಾತ 5.38, ಅಂದರೆ ಚಕ್ರದ ಒಂದು ಸುತ್ತಿಗೆ ಪ್ರಾಪ್ ಶಾಫ್ಟ್ 5.38 ಸುತ್ತು. ಪೆಟ್ರೋಲ್ ಎಂಜಿನ್ ಮೇಲಕ್ಕೆ ತಿರುಗುತ್ತದೆ, ಡೀಸೆಲ್ ಅಷ್ಟು ತಿರುಗುವುದಿಲ್ಲ. ಗುಡ್ಡ ಹತ್ತುವಾಗ ಆನೆ ಬಲ, ಚಿಕ್ಕಮಗಳೂರು ರಸ್ತೆಗೆ ಬಂದರೆ ಎಂಜಿನ್ ಅರಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹಾಗಾಗಿ ರಂಗ ಅವರೇ, ಹೊಸ ಎಂಜಿನ್ ಎಷ್ಟು ಆರ್‌ಪಿಎಂವರೆಗೆ ಎಳೆಯುತ್ತದೆ, ನಿಮ್ಮ ಗೇರು ಮತ್ತು ಡಿಫ್ ಅದಕ್ಕೆ ಹೊಂದುತ್ತವಾ, ಇದನ್ನು ಮೊದಲು ಕಾಗದದ ಮೇಲೆ ಬರೆದು ನೋಡಿ.

ಲೇತ್_ಲಕ್ಷ್ಮಿ

ಇದು ಈ ಚರ್ಚೆಯಲ್ಲೇ ಬಹಳ ಮುಖ್ಯವಾದ ಮಾತು. ಲೆಕ್ಕ ಹಾಕಿಯೇ ಬಿಡೋಣ.

ನಾಲ್ಕು ಸಿಲಿಂಡರ್ ಸಿಯೆರಾದ ಟೈಪ್ 9ರಲ್ಲಿ ಮೊದಲ ಗೇರು 3.65, ಎರಡನೆಯದು 1.97, ಮೂರನೆಯದು 1.37, ನಾಲ್ಕು ನೇರ, ಐದು 0.82. ಡಿಫ್ 3.62 ಅಂದುಕೊಳ್ಳೋಣ. ಟಯರು 185/60 ಆರ್13 ಇದ್ದರೆ ಒಂದು ಸುತ್ತಿಗೆ ಸುಮಾರು 1.73 ಮೀಟರ್. ಜೆಟೆಕ್ ಅನ್ನು 6500ಕ್ಕೆ ತಿರುಗಿಸಿದರೆ ಮೊದಲ ಗೇರು ಗಂಟೆಗೆ 51 ಕಿ.ಮೀ.ಗೇ ಮುಗಿಯಿತು. ಎರಡನೆಯದು ಸುಮಾರು 95ರವರೆಗೆ. ಮೊದಲಿನಿಂದ ಎರಡಕ್ಕೆ ಹಾಕಿದ ಕೂಡಲೇ ಎಂಜಿನ್ 6500ರಿಂದ 3500ಕ್ಕೆ ಬೀಳುತ್ತದೆ. ಭಾರದ ಸಿಯೆರಾವನ್ನು ನಿಂತಲ್ಲಿಂದ ಎಳೆಯಲು ಆ ಮೊದಲ ಗೇರು ಬೇಕಿತ್ತು. ಇಷ್ಟು ಹಗುರ ಗಾಡಿಗೆ ಅದು ಬೇಡ.

ಹಳೇಗಾಡಿ

ಅದಕ್ಕೇ ವಿ6 ಸಿಯೆರಾದ ಟೈಪ್ 9 ಹಾಕುತ್ತಾರೆ. ಅದರಲ್ಲಿ ಮೊದಲ ಗೇರು 3.36.

ಲೇತ್_ಲಕ್ಷ್ಮಿ

ಅಂತರ ಮಾತ್ರ ಹಾಗೇ ಉಳಿಯುತ್ತದೆ ಸರ್. ವಿ6ರಲ್ಲಿ ಎರಡನೆಯದು 1.81. 3.36ನ್ನು 1.81ರಿಂದ ಭಾಗಿಸಿ ನೋಡಿ, 3.65ನ್ನು 1.97ರಿಂದ ಭಾಗಿಸಿದಷ್ಟೇ ಬರುತ್ತದೆ. ಮೊದಲ ಗೇರು 51ರ ಬದಲು 55 ಕಿ.ಮೀ. ದಾಟುತ್ತದೆ, ಆದರೆ ಎರಡಕ್ಕೆ ಹಾಕಿದಾಗ ಮತ್ತೆ 3500ಕ್ಕೇ ಬೀಳುವುದು. ಅದರ ಮೇಲೆ ವಿ6 ಡಬ್ಬಿಯ ಇನ್‌ಪುಟ್ ಶಾಫ್ಟ್ ಉದ್ದ ಜಾಸ್ತಿ, ನಾಲ್ಕು ಸಿಲಿಂಡರ್ ಬೆಲ್ ಹೌಸಿಂಗಿಗೆ ಹಾಗೇ ಹೊಂದುವುದಿಲ್ಲ. ಖಾಯಿಲೆ ಮೊದಲ ಗೇರಿನಲ್ಲಿದೆ. ಮೊದಲ ಗೇರನ್ನು ಮಾತ್ರ ಉದ್ದ ಮಾಡುವ ಗೇರ್ ಸೆಟ್‌ಗಳು ಮಾರುಕಟ್ಟೆಯಲ್ಲಿವೆ. ಆದರೆ ಈಗಲೇ ಬೇಡ. ಜೆಟೆಕ್‌ಗೆ 3500ರಲ್ಲೂ ಒಳ್ಳೆಯ ಎಳೆತ ಇದೆ. ಮೊದಲು ಓಡಿಸಿ, ಆಮೇಲೆ ಯೋಚಿಸಿ.

ಹಳೇಗಾಡಿ

ಭಾಗಾಕಾರ ಮಾಡಿ ನೋಡಿದೆ. ಸರಿಯಾಗೇ ಹೇಳಿದ್ದೀರಿ.

ತುಮಕೂರು_ಟರ್ಬೊ

ನನ್ನ ಪ್ರಶ್ನೆ ಇಂಡಿಯಾದ್ದು. ಇದೇ ಥರ ಸೆವೆನ್ ಮಾದರಿ ಚಾಸಿ ವೆಲ್ಡ್ ಮಾಡಿ ಜಿಪ್ಸಿಯ 1.3 ಎಂಜಿನ್ ಹಾಕಿದ್ರೆ ತುಮಕೂರು ಆರ್‌ಟಿಒದಲ್ಲಿ ರಿಜಿಸ್ಟ್ರೇಷನ್ ಸಿಗುತ್ತಾ?

ಮೂಡಿಗೆರೆ_ಜೀಪು

ಸಿಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ. ತಯಾರಕರು ಕೊಟ್ಟ ವಿವರಕ್ಕೆ ಹೊರತಾಗಿ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಮತ್ತಷ್ಟು ಗಟ್ಟಿಯಾಗಿ ಹೇಳಿತು. ಪೂರ್ತಿ ಹೊಸ ಗಾಡಿಯೇ ಆದರೆ ವಾಹನ ಪರೀಕ್ಷಿಸುವ ಎಆರ್‌ಎಐ ತರಹದ ಸಂಸ್ಥೆಯಲ್ಲಿ ಮಾದರಿ ಪರೀಕ್ಷೆ ಪಾಸಾಗಬೇಕು. ಅದು ಕಂಪನಿಗಳಿಗೆ ಆಗುವ ಖರ್ಚು, ಮನೆಯಲ್ಲಿ ಒಂದು ಗಾಡಿ ಕಟ್ಟುವವರಿಗಲ್ಲ. ಇದು ನನಗೆ ನಿಜವಾಗಿಯೂ ಬೇಜಾರಿನ ವಿಷಯ. ನಮ್ಮ ಹುಡುಗರಿಗೆ ಕೈಯಲ್ಲಿ ಕಸುಬಿದೆ, ದಾರಿ ಇಲ್ಲ.

ಜೆಸಿರೋಡ್_ಜಯಣ್ಣ

ಚಿಂಕಾರಾ ರೋಡ್‌ಸ್ಟರ್ ನೆನಪಿದೆಯಾ ಯಾರಿಗಾದ್ರೂ? ಮಹಾರಾಷ್ಟ್ರದಲ್ಲಿ ಕಟ್ಟುತ್ತಿದ್ರು, ಫೈಬರ್ ಮೈ, ಥೇಟ್ ಲೋಟಸ್ ಸೆವೆನ್ ರೂಪ. ಅದರೊಳಗೆ ಅಂಬಾಸಿಡರ್‌ನ ಇಸುಜು 1.8 ಪೆಟ್ರೋಲ್ ಎಂಜಿನ್. ಅಂಬಾಸಿಡರ್‌ಗೂ ಅದು ಹುಟ್ಟಿನಿಂದ ಬಂದ ಎಂಜಿನ್ ಅಲ್ಲ. ಅದಕ್ಕೂ ಮುಂಚೆ ಬಹುಕಾಲ ಇದ್ದದ್ದು 1489 ಸಿಸಿ ಬಿಎಂಸಿ ಎಂಜಿನ್. 1992ರ ಹೊತ್ತಿಗೆ ಇಸುಜು ಬಂತು, ಜೊತೆಗೆ 5 ಗೇರಿನ ಡಬ್ಬಿ. ಅದು ಬಂದ ಮೇಲೆ ಅಂಬಾಸಿಡರ್ ಓಡಿಸಿದವರ ಮುಖವೇ ಬೇರೆ ಆಯ್ತು. ಸ್ಯಾನ್ ಸ್ಟಾರ್ಮ್ ಅಂತ ಇನ್ನೊಂದಿತ್ತು, ಅದಕ್ಕೆ ರೆನೋ 1.2.

ತುಮಕೂರು_ಟರ್ಬೊ

ಚಿಂಕಾರಾ ಒಂದು ಮಾರಾಟಕ್ಕಿದ್ರೆ ದಯವಿಟ್ಟು ತಿಳಿಸಿ!

ಸ್ಪ್ಯಾನರ್_ಶೆಟ್ಟಿ

ಇಂಗ್ಲೆಂಡಿನಲ್ಲಿ ಈ ಕಿಟ್ ಸಂಸ್ಕೃತಿ ಬೆಳೆದದ್ದಕ್ಕೂ ಕಾನೂನೇ ಕಾರಣ. ಲೋಟಸ್ ಸೆವೆನ್ ಬಂದದ್ದು 1957ರಲ್ಲಿ. ಆಗ ಪೂರ್ತಿ ಜೋಡಿಸಿದ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಇತ್ತು, ಬಿಡಿಭಾಗವಾಗಿ ತಗೊಂಡರೆ ಇರಲಿಲ್ಲ. ಜನ ಪೆಟ್ಟಿಗೆಯಲ್ಲಿ ತಂದು ಮನೆಯಲ್ಲಿ ಕಟ್ಟಿದರು. 1973ರ ಏಪ್ರಿಲ್‌ನಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್‌ನ ಹಕ್ಕು ಕೇಟರ್‌ಹ್ಯಾಮ್‌ಗೆ ಹೋಯಿತು. ತೆರಿಗೆ ಲಾಭ ಹೋದರೂ ಮನೆಯಲ್ಲಿ ಕಟ್ಟುವ ಹುಚ್ಚು ಹೋಗಲಿಲ್ಲ.

ಇಸಿಯು_ಉಮೇಶ

ತಡವಾಗಿ ಬಂದೆ. ಯಾರೂ ವೈರಿಂಗ್ ಬಗ್ಗೆ ಮಾತಾಡಿಲ್ಲ, ಅರ್ಧಕ್ಕೆ ನಿಲ್ಲುವ ಗಾಡಿಗಳು ನಿಲ್ಲುವುದೇ ಅಲ್ಲಿ.

ಫೋಕಸ್‌ನ ಮೂಲ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬಳಸಬೇಕಾದರೆ ಅದರ ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಜೊತೆಗೇ ಬರಬೇಕು. ಕೀಲಿ, ಕೀಲಿ ಓದುವ ಉಂಗುರ, ಇಸಿಯು, ಎಲ್ಲವೂ ಒಂದೇ ಗಾಡಿಯದ್ದು. ಒಂದು ತಪ್ಪಿದರೂ ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ನನ್ನ ಸಲಹೆ: ಸ್ವತಂತ್ರ ಇಸಿಯು ಹಾಕಿ. ಜೆಟೆಕ್‌ನಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. ಕ್ರ್ಯಾಂಕ್ ಸೆನ್ಸರ್ 36ರಲ್ಲಿ ಒಂದು ಹಲ್ಲು ಬಿಟ್ಟ ಚಕ್ರ ಓದುತ್ತದೆ. ಈ ಲೆಕ್ಕ ಬಹುತೇಕ ಎಲ್ಲ ಸ್ವತಂತ್ರ ಇಸಿಯುಗಳಿಗೂ ಗೊತ್ತು.

ದುಡ್ಡು ಉಳಿಸಬೇಕಾ? ಬೈಕಿನ ನಾಲ್ಕು ಕಾರ್ಬುರೇಟರ್‌ಗಳ ಸೆಟ್ ಹಾಕಿ, ಇಸಿಯುವಿಗೆ ಕಿಡಿಯ ಕೆಲಸ ಮಾತ್ರ ಕೊಡಿ. ಆಗ ಇಂಜೆಕ್ಷನ್ ಪಂಪು, ರಿಟರ್ನ್ ಪೈಪು, ಲ್ಯಾಂಬ್ಡಾ ಸೆನ್ಸರ್ ಯಾವುದರ ಗೋಜೂ ಇಲ್ಲ. ಒಂದು ನೆನಪಿಡಿ, ಪಿಂಟೊದ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿದ ಯಾಂತ್ರಿಕ ಪಂಪು. ಎಂಜಿನ್ ಹೋದರೆ ಅದೂ ಹೋಯಿತು. ಕಾರ್ಬುರೇಟರ್ ಆದರೆ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪು, ಇಂಜೆಕ್ಷನ್ ಆದರೆ ಸುಮಾರು 3 ಬಾರ್ ಕೊಡುವ ಪಂಪು ಮತ್ತು ಅದಕ್ಕೆ ತಕ್ಕ ಹೋಸ್. ಕಾರ್ಬುರೇಟರ್ ಹೋಸನ್ನು 3 ಬಾರ್‌ಗೆ ಹಾಕಿದರೆ ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಪೆಟ್ರೋಲ್ ಚಿಮ್ಮುತ್ತದೆ. ದಯವಿಟ್ಟು ಇದರಲ್ಲಿ ಜಿಪುಣತನ ಬೇಡ. ಅಲ್ಲಿ 2021ರಿಂದ ಬಂಕುಗಳಲ್ಲಿ ಇ10, ಅಂದರೆ ಶೇ. 10ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರನ್ನು ಎಥನಾಲ್ ತಿನ್ನುತ್ತದೆ. ಟ್ಯಾಂಕಿನಿಂದ ಎಂಜಿನ್‌ವರೆಗೆ ಎಲ್ಲ ಹೋಸ್ ಹೊಸದು ಹಾಕಿ.

ಬಿಎಂಟಿಸಿ_ಬಸವ

ಅಲ್ಲಿ ಇ10ಕ್ಕೇ ಹಿಂಗಂದ್ರೆ ಇಲ್ಲಿ ಇ20 ಹಾಕಿಸ್ತಿರೋ ನಮ್ಮ ಹಳೇ ಗಾಡಿಗಳ ಕಥೆ ಏನು ಸರ್? ನನ್ನ ಝೆನ್ ಮೈಲೇಜೇ ಇಳಿದುಹೋಗಿದೆ.

ಇಸಿಯು_ಉಮೇಶ

ಮೈಲೇಜ್ ಇಳಿಯುವುದು ಸಹಜ. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಝೆನ್ ಹೋಸ್‌ಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕು ಕಂಡರೆ ಅಥವಾ ಅಂಟಂಟು ಆಗಿದ್ದರೆ ಇವತ್ತೇ ಬದಲಿಸಿ.

ಜೆಸಿರೋಡ್_ಜಯಣ್ಣ

ಕಾರ್ಬುರೇಟರ್ ಗಾಡಿ ನಿಲ್ಲಿಸಿಟ್ಟರೆ ಇನ್ನೂ ಕಷ್ಟ. ಫ್ಲೋಟ್ ಬೌಲ್ ಒಳಗೆ ಹಸಿರು ಹಸಿರಾಗಿ ಕಟ್ಟಿಕೊಳ್ಳುತ್ತೆ.

ನಿರ್ವಾಹಕ

ಇ20 ಬಗ್ಗೆ ಬೇರೆ ಚರ್ಚೆ ನಡೆಯುತ್ತಿದೆ, ಮುಂದಿನದ್ದು ಅಲ್ಲಿ ಬರೆಯಿರಿ. ಇಲ್ಲಿ ಎಂಜಿನ್ ಮಾತು ಮುಂದುವರಿಯಲಿ.

ರಗ್ಬಿ_ರಂಗ

ಇಷ್ಟು ಜನ ಬರೆದದ್ದು ನೋಡಿ ತುಂಬಾ ಖುಷಿಯಾಯಿತು. ಜೆಟೆಕ್ ಅಂತಲೇ ತೀರ್ಮಾನ. ಇವತ್ತು ಬಾನೆಟ್ ಕೆಳಗೆ ಅಳೆದೆ. ಪಿಂಟೊದ ಏರ್ ಫಿಲ್ಟರ್ ಮೇಲೆ ಬೆರಳು ತೂರುವಷ್ಟೂ ಜಾಗ ಇಲ್ಲ, ಆದರೆ ಕ್ಯಾಮ್ ಕವರ್ ಮೇಲೆ ಸಾಕಷ್ಟಿದೆ. ಸ್ಟೀರಿಂಗ್ ಕಾಲಂ ಎಂಜಿನ್ ಪಕ್ಕದಲ್ಲೇ ಹಾದುಹೋಗುತ್ತದೆ, ಅದೇ ಚಿಂತೆ. ಜೆಟೆಕ್‌ನ ಎರಡು ಪೀಳಿಗೆಗಳಲ್ಲಿ ಬ್ಲ್ಯಾಕ್‌ಟಾಪ್ ತಗೊಳ್ಳಲಾ, ಸಿಲ್ವರ್‌ಟಾಪಾ? ಇನ್ನೊಂದು, ಎಂಜಿನ್ ಬದಲಾದರೆ ಮತ್ತೆ ಐವಿಎ (ಬಿಡಿ ಗಾಡಿಗೆ ಅನುಮೋದನೆ ಕೊಡುವ) ಪರೀಕ್ಷೆ ಕೊಡಬೇಕಾ?

ಸ್ಪ್ಯಾನರ್_ಶೆಟ್ಟಿ

ಬ್ಲ್ಯಾಕ್‌ಟಾಪ್. ಅದು ಹೊಸ ಪೀಳಿಗೆ, 1998ರ ನಂತರದ ಫೋಕಸ್‌ನಲ್ಲಿ ಬಂದದ್ದು. ಸಿಲ್ವರ್‌ಟಾಪ್‌ನಲ್ಲಿ ಹೈಡ್ರಾಲಿಕ್ ಟ್ಯಾಪೆಟ್, ಬ್ಲ್ಯಾಕ್‌ಟಾಪ್‌ನಲ್ಲಿ ಗಟ್ಟಿ ಟ್ಯಾಪೆಟ್. ಮುಂದೆ ಕ್ಯಾಮ್ ಬದಲಿಸಿ ಮೇಲಕ್ಕೆ ತಿರುಗಿಸುವ ಮನಸ್ಸಾದರೆ ಇದೇ ಒಳ್ಳೆಯದು. ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಹಿಂದಿನ ಕ್ರ್ಯಾಂಕ್ ಸೀಲ್ ಬದಲಿಸಿ. ಸೆವೆನ್ ಒಳಗೆ ಕೂತ ಮೇಲೆ ಆ ಸೀಲ್ ಮುಟ್ಟಬೇಕಾದರೆ ಎಲ್ಲ ಮತ್ತೆ ಇಳಿಸಬೇಕು.

ಲಂಡನ್_ಲೆಕ್ಕಿಗ

ಕಾಗದ ಪತ್ರದ ಭಾಗ ನಾನು ಹೇಳುತ್ತೇನೆ. ಈಗಾಗಲೇ ನೋಂದಣಿ ಆಗಿರುವ ಗಾಡಿಗೆ ಎಂಜಿನ್ ಮಾತ್ರ ಬದಲಿಸಿದರೆ ಐವಿಎ ಮತ್ತೆ ಬೇಕಿಲ್ಲ. ನೋಂದಣಿ ಇಲಾಖೆ ಡಿವಿಎಲ್‌ಎ ಮೊದಲು ಬಳಸುತ್ತಿದ್ದ ಅಂಕದ ಲೆಕ್ಕದಲ್ಲಿ ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್‌ಗೆ ತಲಾ 2, ಎಂಜಿನ್‌ಗೆ 1. ಗಾಡಿಯ ನೋಂದಣಿ ಗುರುತು ಉಳಿಯಲು ಮೂಲ ಭಾಗಗಳ ಅಂಕ 8 ಬೇಕಿತ್ತು. ಎಂಜಿನ್ ಎಷ್ಟು ಚಿಲ್ಲರೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಆದರೆ ಎಂಜಿನ್ ನಂಬರು ಮತ್ತು ಸಿಸಿ ಬದಲಾದದ್ದನ್ನು ವಿ5ಸಿಯಲ್ಲಿ (ನೋಂದಣಿ ಪತ್ರದಲ್ಲಿ) ತಿದ್ದಿಸಲೇಬೇಕು. ಪಿಂಟೊ 1993 ಸಿಸಿ, ಜೆಟೆಕ್ 1988. ಗುಜರಿಯವರ ಹತ್ತಿರ ಎಂಜಿನ್ ನಂಬರು ಬರೆದ ರಸೀದಿ ತಗೊಳ್ಳಿ.

ಕ್ಯೂ ಪ್ಲೇಟ್ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ವರ್ಷದ ಎಂಒಟಿ ತಪಾಸಣೆಯಲ್ಲಿ ಪೆಟ್ರೋಲ್ ಕ್ಯೂ ಪ್ಲೇಟ್ ಗಾಡಿಯನ್ನು 1975ರ ಆಗಸ್ಟ್‌ಗೆ ಮುಂಚಿನದು ಅಂತ ಪರಿಗಣಿಸುತ್ತಾರೆ. ಅಂದರೆ ಕಣ್ಣಿಗೆ ಕಾಣುವ ಹೊಗೆ ಮಾತ್ರ ನೋಡುವುದು. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೂ ಉಮೇಶ ಅವರು ಹೇಳಿದ ಬೈಕ್ ಕಾರ್ಬುರೇಟರ್ ಪಾಸಾಗುತ್ತದೆ.

ಹಳೇಗಾಡಿ

ಪಾಸಾಗುತ್ತದೆ ಅಂತ ಸಿಕ್ಕಾಪಟ್ಟೆ ಪೆಟ್ರೋಲ್ ಕುಡಿಸಿ ಓಡಿಸುವುದು ಸರಿಯಲ್ಲ. ಒಮ್ಮೆ ರೋಲಿಂಗ್ ರೋಡ್ (ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ನೋಡುವ ಯಂತ್ರ) ಮೇಲೆ ನಿಲ್ಲಿಸಿ ಜೆಟ್ ಹೊಂದಿಸಿಕೊಳ್ಳಿ. ಬೋರ್ ಗೋಡೆಯಿಂದ ಎಣ್ಣೆ ತೊಳೆದುಹೋದರೆ ಹೊಸ ಎಂಜಿನ್ನೂ ಪಿಂಟೊ ದಾರಿ ಹಿಡಿಯುತ್ತದೆ.

ಲಂಡನ್_ಲೆಕ್ಕಿಗ

ಖಂಡಿತ. ಇನ್ಶೂರೆನ್ಸ್‌ನವರಿಗೂ ಮೊದಲೇ ತಿಳಿಸಿ. ಹೇಳದೆ ಶಕ್ತಿ ಏರಿಸಿದರೆ ಅಪಘಾತದ ದಿನ ಅವರು ಕೈ ಎತ್ತುತ್ತಾರೆ.

ಲೇತ್_ಲಕ್ಷ್ಮಿ

ಸ್ಟೀರಿಂಗ್ ಕಾಲಂ ಚಿಂತೆಗೆ ಒಂದು ವಿಧಾನ. ಕ್ರ್ಯಾಂಕ್, ಪಿಸ್ಟನ್ ಇಲ್ಲದ ಖಾಲಿ ಬ್ಲಾಕಿಗೆ ಹೆಡ್, ಚೇಂಬರ್, ಬೆಲ್ ಹೌಸಿಂಗ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಟ್ಟಿ. ಕೆಟ್ಟ ಬ್ಲಾಕ್ ಆದರೂ ಸಾಕು. ಚೈನ್ ಬ್ಲಾಕ್‌ನಿಂದ ಇಳಿಸಿ ಗೇರ್‌ಬಾಕ್ಸಿಗೆ ಸೇರಿಸಿ, ಮುಂಭಾಗವನ್ನು ಮರದ ತುಂಡಿನ ಮೇಲೆ ನಿಲ್ಲಿಸಿ. ಕಾಲಂ ಮತ್ತು ಮ್ಯಾನಿಫೋಲ್ಡ್ ನಡುವೆ, ಚೇಂಬರ್ ಮತ್ತು ಚಾಸಿ ಪೈಪಿನ ನಡುವೆ ಮಕ್ಕಳ ಆಟದ ಜೇಡಿಮಣ್ಣು ಅಂಟಿಸಿ. ಎಂಜಿನ್ನನ್ನು ಕೈಯಲ್ಲಿ ಎರಡೂ ಕಡೆ ಜಗ್ಗಿ. ಮಣ್ಣು ಎಷ್ಟು ತೆಳ್ಳಗಾಯಿತು ಅಂತ ಕತ್ತರಿಸಿ ಅಳೆಯಿರಿ. ರಬ್ಬರ್ ಮೌಂಟ್ ಮೇಲೆ ಎಂಜಿನ್ ಎಷ್ಟು ತೂಗುತ್ತದೆ ಅಂತ ಆಗ ಅಂದಾಜಾಗುತ್ತದೆ. ಬೆರಳು ದಪ್ಪ ಜಾಗ ಉಳಿಯದಿದ್ದರೆ ಮ್ಯಾನಿಫೋಲ್ಡ್ ಬದಲಿಸಿ. ಕಾಲಂ ಮಾತ್ರ ಬಗ್ಗಿಸಬೇಡಿ.

ಮೌಂಟ್‌ಗಳನ್ನು ಮೊದಲು ಟ್ಯಾಕ್ (ಚುಕ್ಕಿ ವೆಲ್ಡ್) ಮಾತ್ರ ಹಾಕಿ. ಕ್ರ್ಯಾಂಕಿನ ರೇಖೆಯೂ ಡಿಫ್ ಪಿನಿಯನ್‌ನ ರೇಖೆಯೂ ಒಂದಕ್ಕೊಂದು ಸಮಾನಾಂತರ ಇರಬೇಕು. ಎಂಜಿನ್ ಮೂಗು ಸ್ವಲ್ಪ ಎತ್ತಿದರೂ ಪ್ರಾಪ್ ಶಾಫ್ಟಿನ ಎರಡು ಜಾಯಿಂಟುಗಳ ಕೋನ ಬೇರೆಬೇರೆ ಆಗಿ ಓಡುವಾಗ ನಡುಕ ಬರುತ್ತದೆ.

ಹುಬ್ಬಳ್ಳಿ_ಪಿಸ್ಟನ್

ಕೋನ ಅಳ್ಯಾಕ ಫೋನಿನ ಆ್ಯಪ್ ನಡೀತದೇನ್ರೀ ಮೇಡಂ?

ಲೇತ್_ಲಕ್ಷ್ಮಿ

ನಡೆಯುತ್ತದೆ. ಫೋನಿನ ಅಂಚನ್ನು ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಒತ್ತಿ, ಆಮೇಲೆ ಡಿಫ್ ಫ್ಲ್ಯಾಂಜ್ ಮುಖಕ್ಕೆ ಒತ್ತಿ. ನಮಗೆ ಬೇಕಿರುವುದು ಎರಡರ ವ್ಯತ್ಯಾಸ. ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರಬೇಕು, ಜ್ಯಾಕ್ ಮೇಲಲ್ಲ.

ರಗ್ಬಿ_ರಂಗ

ಕವೆಂಟ್ರಿ ಹತ್ತಿರ ಒಬ್ಬರು ಗಿಡ್ಡ ಚೇಂಬರ್, ಬೆಲ್ ಹೌಸಿಂಗ್, ವಾಟರ್ ರೈಲ್ ಮೂರೂ ಸೇರಿಸಿ 600 ಪೌಂಡ್ ಹೇಳುತ್ತಿದ್ದಾರೆ. ಚೇಂಬರಿನ ತಳದಲ್ಲಿ ಒಂದು ಗೀರಿದೆ, ವೆಲ್ಡ್ ಮಾಡಿದ ಗುರುತಿಲ್ಲ. ತಗೊಳ್ಳಬಹುದಾ?

ಸ್ಪ್ಯಾನರ್_ಶೆಟ್ಟಿ

ತಗೊಳ್ಳಿ, ಬಿಡಬೇಡಿ. ಹೋಗುವಾಗ ಒಂದು ನೇರ ಪಟ್ಟಿ ಒಯ್ದು ಚೇಂಬರಿನ ಗ್ಯಾಸ್ಕೆಟ್ ಮುಖ ಸಮ ಇದೆಯಾ ನೋಡಿ. ಒಳಗೆ ಸೀಮೆಎಣ್ಣೆ ಹಾಕಿ ಹೊತ್ತು ಬಿಟ್ಟು ಹೊರಗಿನಿಂದ ಒರೆಸಿ ನೋಡಿ, ಬಿರುಕಿದ್ದರೆ ಅಲ್ಲೇ ಜಿನುಗುತ್ತದೆ. ಎಣ್ಣೆ ಎಳೆಯುವ ಪೈಪ್ ಅದರ ಜೊತೆಗೇ ಕೊಡುತ್ತಾರಾ ಅಂತ ಕೇಳಿ. ಫೋಕಸ್‌ನ ಉದ್ದ ಪೈಪ್ ಗಿಡ್ಡ ಚೇಂಬರಿಗೆ ಹಿಡಿಸುವುದಿಲ್ಲ.

ರಗ್ಬಿ_ರಂಗ

ಕೇಳಿದೆ. ಪೈಪ್ ಇದೆಯಂತೆ, ಬೋಲ್ಟುಗಳೂ ಇವೆಯಂತೆ. ಶನಿವಾರ ಹೋಗುತ್ತಿದ್ದೇನೆ.